ಆಜೀವ ಯುವಕ

"ಅಮ್ಮಾ, ಕೊರಗಪ್ಪ ಅಜ್ಜ ದೊಡ್ಡವನು ಯಾವಾಗ ಆಗ್ತಾನೆ?"

"ಆಗ್ತಾರೆ ಅನ್ಬೇಕು," ಎಂದಳು ಲಾವಣ್ಯಾ.

"ಓಕೆ. ಯಾವಾಗ ಆಗ್ತಾರೆ?"

ಮರ್ಯಾದೆಯ ತಿದ್ದುಪಡಿ ಮುಗಿದ ಮೇಲೂ ಪ್ರಶ್ನೆ ಇದ್ದಲ್ಲೇ ಇತ್ತು. ಭಾಂಡುಪಿನ ಮುನ್ಸಿಪಲ್ ಶಾಲೆಯ ಮೈದಾನದಿಂದ ಮನೆಗೆ ಬರುವ ದಾರಿ, ಭಾನುವಾರದ ಹನ್ನೊಂದರ ಬಿಸಿಲು, ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದು ಕೈಯಲ್ಲಿ ಎಂಟು ವರ್ಷದ ಯಕ್ಷಿತಾ. "ಬೇಗ ನಡಿ, ಕುಕ್ಕರ್ ಇಡ್ಬೇಕು," ಎಂದು ಲಾವಣ್ಯಾ ಪ್ರಶ್ನೆಯನ್ನು ರಸ್ತೆಯಲ್ಲೇ ಬಿಟ್ಟು ಬಂದಳು.

ಮಗಳು ಕಂಡದ್ದನ್ನೇ ಕೇಳಿದ್ದಳು. ಕನ್ನಡ ಗೆಳೆಯರ ಸಂಘದ ಬಾಲ-ಯುವ ವಿಭಾಗ ಪ್ರತಿ ಭಾನುವಾರ ಎಂಟಕ್ಕೆ ಆ ಮೈದಾನದಲ್ಲಿ ಸಾಲಾಗಿ ನಿಲ್ಲುತ್ತದೆ. ಎಂಟು ವರ್ಷದವರಿಂದ ಕಾಲೇಜಿಗೆ ಹೋಗುವವರವರೆಗೆ ನಲವತ್ತು ಮಕ್ಕಳು. ಎತ್ತರದ ಪ್ರಕಾರ ನಿಲ್ಲಿಸುವುದರಿಂದ ಕೊನೆಯಿಂದ ಮೂರನೆಯ ಜಾಗ ಕೊರಗಪ್ಪನವರದು. ಅವರಿಗೆ ಅರುವತ್ತಮೂರು. ತೊಳೆದು ತೊಳೆದು ಗುಲಾಬಿಯಾದ ಕೆಂಪು ಟೀ-ಶರ್ಟು ತೊಟ್ಟು, ಕೈ ಹಿಂದೆ ಕಟ್ಟಿ, ಎದೆ ಮುಂದೆ ಮಾಡಿ ನಿಲ್ಲುತ್ತಾರೆ. ಡ್ರಿಲ್ ಕಲಿಸುವ ಸಂತು ಹಾಜರಿ ಪುಸ್ತಕ ತೆರೆದು "ಕೊರಗಪ್ಪ!" ಎಂದು ಕೂಗುತ್ತಾನೆ. "ಹಾಜರ್ ಸರ್!" ಎಂದು ಉತ್ತರ ಬರುತ್ತದೆ. ಸಂತು ಸರ್‌ಗೆ ಇಪ್ಪತ್ತನಾಲ್ಕು ವರ್ಷ.

ಆಮೇಲೆ ಕೋಲಾಟವಾದರೆ ಕೊರಗಪ್ಪನವರ ಕೈಯಲ್ಲೂ ಎರಡು ಕೋಲು. ಕುಣಿತ ಭಜನೆಯಾದರೆ ಅವರ ಕೈಯಲ್ಲೂ ತಾಳ. ಕಬಡ್ಡಿಯಲ್ಲಿ ಮಾತ್ರ ಅವರನ್ನು ಯಾರೂ ಹಿಡಿಯುವುದಿಲ್ಲ. ಎಲ್ಲಾದರೂ ಮುರಿದರೆ ಎಂದು ಮಕ್ಕಳಿಗೇ ಹೆದರಿಕೆ. ಅದಕ್ಕೆ ಅವರಿಗೆ ಬಹಳ ಬೇಸರ. "ಹಿಡೀರೋ! ಇದೆಂಥ ಮೋಸ ಮಾರಾಯ!" ಎಂದು ಗೆರೆಯಾಚೆ ನಿಂತು ತಮ್ಮನ್ನು ಹಿಡಿಯಲಿಕ್ಕೆ ಎದುರು ಪಕ್ಷಕ್ಕೆ ತಾವೇ ಹೇಳಿಕೊಡುತ್ತಾರೆ. ಕೊನೆಗೆ ಬಾಳೆಹಣ್ಣಿನ ಸಾಲು. ಅಲ್ಲಿಯೂ ಕೊನೆಯಿಂದ ಮೂರನೆಯವರಾಗಿ ನಿಂತು ಒಂದು ಹಣ್ಣು ಪಡೆದು, ಸಿಪ್ಪೆಯನ್ನು ಡಬ್ಬಿಗೆ ಹಾಕಿ, ಹನ್ನೊಂದಕ್ಕೆ ಸ್ಟೇಷನ್ ಹತ್ತಿರದ ಹೋಟೆಲಿಗೆ ಓಡುತ್ತಾರೆ. ಅಲ್ಲಿ ಅವರು ಟೀ ಮಾಸ್ಟರ್.

ಇದು ಹೇಗೆ ಸಾಧ್ಯವಾಯಿತೆಂದರೆ, ಸಂಘದ ಈ ಬಾಲ-ಯುವ ವಿಭಾಗ ಶುರುವಾದದ್ದು ಸಾವಿರದ ಒಂಬೈನೂರ ಎಂಬತ್ತೊಂಬತ್ತರಲ್ಲಿ. ಹಿರಿಯರ ಸಂಘಕ್ಕೆ ಆಜೀವ ಸದಸ್ಯತ್ವ ಇದ್ದ ಮೇಲೆ ಯುವಕರಿಗೂ ಇರಲಿ ಎಂದು ಯಾರೋ ಉತ್ಸಾಹಿಗಳು ಅದೇ ನಿಯಮಾವಳಿಯನ್ನು ಹಾಳೆ ಬದಲಿಸದೆ ಅಚ್ಚು ಹಾಕಿಸಿದರು. ಸೇರುವಾಗ ವಯಸ್ಸು ಇಪ್ಪತ್ತೆಂಟರೊಳಗೆ ಇರಬೇಕು ಎಂದು ಬರೆದರು. ಸೇರಿದ ಮೇಲೆ ವಯಸ್ಸು ಏನು ಮಾಡಬೇಕು ಎಂದು ಬರೆಯಲು ಮರೆತರು. ಶುಲ್ಕ ನೂರಾ ಒಂದು ರೂಪಾಯಿ. ಆಗ ಕೊರಗಪ್ಪನವರಿಗೆ ಇಪ್ಪತ್ತೇಳು ವರ್ಷ, ಸಂಬಳ ಮುನ್ನೂರೈವತ್ತು. ಕೊಟ್ಟರು. ಅಂದಿನಿಂದ ಅವರು ಯುವಕರು, ಸದಸ್ಯ ಸಂಖ್ಯೆ ಏಳು.

ಹೀಗೆ ಸೇರಿದವರು ಒಟ್ಟು ಮೂವತ್ತೊಂದು ಮಂದಿ; ಆಮೇಲೆ ಬಂದವರಿಗೆ ವಾರ್ಷಿಕ ಶುಲ್ಕ ಮಾತ್ರ. ಕೆಲವರು ಊರಿಗೆ ಹೋದರು, ಕೆಲವರು ಡೊಂಬಿವಿಲಿಗೆ ಹೋದರು, ಕೆಲವರು ಯುವಕರಾಗಿಯೇ ತೀರಿಕೊಂಡರು. ಈಗ ಉಳಿದಿರುವವರು ಆರು ಮಂದಿ. ಅವರಲ್ಲಿ ಐವರು ಮೈದಾನಕ್ಕೆ ಬರುವುದಿಲ್ಲ, ವೇದಿಕೆಗೆ ಮಾತ್ರ ಬರುತ್ತಾರೆ. ಮತ ಹಾಕುವ ಹಕ್ಕು ಆಜೀವ ಸದಸ್ಯರಿಗೆ ಮಾತ್ರ ಇದ್ದುದರಿಂದ ಮಕ್ಕಳ ವಿಭಾಗದ ಆಡಳಿತ ಮೂವತ್ತಾರು ವರ್ಷಗಳಿಂದ ಈ ಯುವಕರ ಕೈಯಲ್ಲೇ ಸುಭದ್ರವಾಗಿತ್ತು. ಕಾರ್ಯದರ್ಶಿ ಧನರಾಜ್ ಅವರಿಗೆ ಐವತ್ತೆಂಟು, ಮುಲುಂಡಿನಲ್ಲಿ ಕೇಟರಿಂಗ್ ವ್ಯವಹಾರ, ಮಗನ ಮದುವೆಯಾಗಿದೆ, ಕೂದಲು ಕಾಗೆಯಷ್ಟು ಕಪ್ಪು.

ಲಾವಣ್ಯಾಳಿಗೆ ಇದೆಲ್ಲ ತಿಳಿದದ್ದು ಶುಲ್ಕ ಕಟ್ಟಿದ ಮೇಲೆ. ವರ್ಷಕ್ಕೆ ಎರಡು ಸಾವಿರದ ನಾನೂರು. ಅವಳು ಮನೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಅಂದರೆ ಆರು ಬ್ಲೌಸು, ಅದೂ ಲೈನಿಂಗ್ ಇದ್ದದ್ದು. ದಾದರಿನ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿರುವ ಗಂಡ ಮನೀಶ್ ರಸೀದಿ ನೋಡಿ ಕೇಳಿದ್ದ: "ಇಷ್ಟಕ್ಕೆ ಎಂಥ ಕುದುರೆ ಸವಾರಿ ಕಲಿಸ್ತಾರಾ?"

"ಕೋಲಾಟ ಕಲಿಸ್ತಾರೆ. ಕನ್ನಡ ಮಾತಾಡ್ತಾರೆ. ಇಲ್ದಿದ್ರೆ ಇವಳು ನಾಳೆ ನಿಮ್ಮ ಅಮ್ಮನ ಹತ್ರ ಹಿಂದಿಯಲ್ಲಿ ಮಾತಾಡ್ತಾಳೆ, ಆಗ್ಬಹುದಾ?"

"ಈಗ್ಲೂ ಹಿಂದಿಯಲ್ಲೇ ಅಲ್ವಾ ಮಾತಾಡುದು?"

"ಅದಕ್ಕೇ," ಎಂದು ಲಾವಣ್ಯಾ ಆ ವಿಷಯವನ್ನು ಗೆದ್ದಿದ್ದಳು.

ಗೆದ್ದರೂ ಎರಡು ಸಾವಿರದ ನಾನೂರು ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಅದಕ್ಕೆ ಪಾಳಿಯ ಪ್ರಕಾರ ಬಾಳೆಹಣ್ಣು ಹಂಚುವ ಡ್ಯೂಟಿ ಬಂದಾಗ ಅವಳ ಕಣ್ಣು ಮೊದಲು ಬಿದ್ದದ್ದು ಕೊರಗಪ್ಪನವರ ಮೇಲೆ. ನನ್ನ ಮಗಳು ಒಂದು ವರ್ಷಕ್ಕೆ ಇಷ್ಟು ಕೊಡಬೇಕು, ಇವರು ನೂರಾ ಒಂದು ಕೊಟ್ಟು ಜೀವನವಿಡೀ ಬಾಳೆಹಣ್ಣು ತಿನ್ನಬೇಕಾ?

"ಕೊರಗಪ್ಪಣ್ಣ, ನಿಮಗೆ ಇದರಲ್ಲಿ ಎಂಥ ಸಿಗ್ತದೆ?" ಎಂದು ಹಣ್ಣು ಕೊಡುತ್ತಾ ಕೇಳಿಯೇ ಬಿಟ್ಟಳು. ಹಣ್ಣಿನ ಹೊರತು ಎಂಬುದನ್ನು ಮಾತ್ರ ಹೇಳಲಿಲ್ಲ.

ಅವರು ಸಿಪ್ಪೆ ಸುಲಿಯುತ್ತಾ ಯೋಚಿಸಿದರು. "ಹೆಸರು ಕರೀತಾರೆ ಅಲ್ವಾ ಅಕ್ಕ."

"ಹೆಸರು ಎಲ್ಲ ಕಡೆ ಕರೀತಾರೆ."

"ಕರೀತಾರೆ. ಹನ್ನೊಂದು ವರ್ಷಕ್ಕೆ ಬಂದವ ನಾನು, ಗ್ಲಾಸ್ ತೊಳೀಲಿಕ್ಕೆ. ಹೋಟೆಲಲ್ಲಿ ಕೊರಗಪ್ಪಾ ಅಂದ್ರೆ ಎಂಥಾದ್ರೂ ಹಿಡ್ಕೊಂಡು ಓಡ್ಬೇಕು. ನೀರು, ಇಲ್ದಿದ್ರೆ ಚಟ್ನಿ, ಇಲ್ದಿದ್ರೆ ಬಟ್ಟೆ. ಇಲ್ಲಿ ಕೊರಗಪ್ಪಾ ಅಂದ್ರೆ ಹಾಜರ್ ಅಂದ್ರಾಯ್ತು. ಮತ್ತೆ ಎಂಥದೂ ತರ್ಲಿಕ್ಕಿಲ್ಲ." ಹಣ್ಣು ಕಚ್ಚಿ ಸೇರಿಸಿದರು: "ಮೊದಲ ದಿವಸ ನಾನು ಓಡಿದ್ದೆ. ಎಲ್ಲಿಗೆ ಓಡ್ತಿ ಮಾರಾಯ ಅಂತ ಎಲ್ಲ ನಗಾಡಿದ್ರು."

ಹೋಟೆಲಿನವರಿಗೆ ಭಾನುವಾರ ರಜೆ ಕೇಳುವುದೆಂದರೆ ಮದುಮಗ ಮುಹೂರ್ತದ ಹೊತ್ತಿಗೆ ರಜೆ ಕೇಳಿದ ಹಾಗೆ. ಕೊರಗಪ್ಪ ಅದನ್ನೂ ಸಂಪಾದಿಸಿದ್ದರು. ವರ್ಷಕ್ಕೊಮ್ಮೆ ಊರಿಗೆ ಹೋಗಲು ಸಿಗುವ ಹದಿನೈದು ದಿನದ ರಜೆಯನ್ನು ಧಣಿಗೆ ಬಿಟ್ಟುಕೊಟ್ಟು, ಬದಲಿಗೆ ಭಾನುವಾರ ಏಳೂವರೆಯಿಂದ ಹನ್ನೊಂದೂವರೆವರೆಗಿನ ಹೊತ್ತನ್ನು ಕೊಂಡುಕೊಂಡಿದ್ದರು. ಆ ಹೋಟೆಲಿಗೆ ಮೂವರು ಧಣಿಗಳು ಬದಲಾದರು. ಈ ಒಪ್ಪಂದ ಕುರ್ಚಿ-ಮೇಜಿನ ಜೊತೆಗೆ ಒಬ್ಬರಿಂದ ಒಬ್ಬರಿಗೆ ಹಸ್ತಾಂತರವಾಯಿತು. ಮದುವೆಯಾಗಲು ಊರಿಗೆ ಹೋಗಬೇಕಿತ್ತು, ರಜೆ ಇರಲಿಲ್ಲ, ಮದುವೆ ಆಗಲಿಲ್ಲ. ಇದನ್ನವರು ದುಃಖದಿಂದೇನೂ ಹೇಳಲಿಲ್ಲ. ಲೋಕಲ್ ಟ್ರೇನು ತಪ್ಪಿತು, ಮುಂದಿನದು ಬರಲಿಲ್ಲ ಎಂಬಷ್ಟೇ ಧಾಟಿಯಲ್ಲಿ ಹೇಳಿ ಹೋಟೆಲಿಗೆ ಓಡಿದರು.

ಲಾವಣ್ಯಾಳಿಗೆ ಒಂದು ಗಳಿಗೆ ಕರುಳು ಚುರ್ರೆಂದಿತು. ಆದರೆ ಮುಂದಿನ ತಿಂಗಳು ಸುತ್ತೋಲೆ ಬಂತು. ಬರುವ ವರ್ಷದಿಂದ ಶುಲ್ಕ ಮೂರು ಸಾವಿರ. ಕರುಳಿನ ವಿಚಾರ ಅಲ್ಲಿಗೆ ನಿಂತಿತು.

ಅದೇ ತಿಂಗಳ ಪಿಕ್ನಿಕ್ಕಿನಲ್ಲಿ ಅವಳು ಇನ್ನೂ ಒಂದನ್ನು ನೋಡಿದಳು. ಬಸ್ಸಿನಲ್ಲಿ ಮಕ್ಕಳು ಒಂದು ಸೀಟಿಗೆ ಮೂವರಂತೆ ಕೂತಿದ್ದರು. ಮುಂದಿನ ನಾಲ್ಕು ಸಾಲುಗಳಲ್ಲಿ ಧನರಾಜ್ ಮುಂತಾದ ಐವರು ಯುವಕರು, ಅವರ ಹೆಂಡಂದಿರು, ಒಬ್ಬ ಅಳಿಯ, ಒಂದು ಮೊಮ್ಮಗು. ಆಜೀವ ಸದಸ್ಯರಿಗೆ ಎಲ್ಲವೂ ಉಚಿತ, ಅವರ ಕುಟುಂಬಕ್ಕೆ ಪ್ರೀತಿಪೂರ್ವಕ. ನಿಯಮಾವಳಿ ಪುಸ್ತಕ ತರಿಸಿಕೊಂಡು ಓದಿದಳು. ಹೌದು, ಮಕ್ಕಳು ಕೊಡುವುದು, ಯುವಕರು ತಿನ್ನುವುದು. ಕತ್ತರಿ ಹಿಡಿದವಳ ಲೆಕ್ಕಕ್ಕೆ ಎಲ್ಲಿ ಬಟ್ಟೆ ಹೆಚ್ಚು ಹೋಗುತ್ತಿದೆ ಎಂಬುದು ಗೊತ್ತಾಯಿತು.

ಕೊರಗಪ್ಪ ಬಸ್ಸಿನಲ್ಲಿ ಇದ್ದರೋ ಇಲ್ಲವೋ, ಅದನ್ನು ಮಾತ್ರ ಅವಳು ನೋಡಲಿಲ್ಲ.

ವಾರ್ಷಿಕ ಮಹಾಸಭೆ ಶಾಲೆಯ ಹಾಲಿನಲ್ಲಿ ನಡೆಯಿತು. ವೇದಿಕೆಯ ಮೇಲೆ ಐದು ಕುರ್ಚಿ, ಐದು ಕಪ್ಪು ತಲೆ. ಕೊರಗಪ್ಪ ಕೆಳಗೆ, ಮಕ್ಕಳ ಸಾಲಿನಲ್ಲಿ, ಪ್ಲಾಸ್ಟಿಕ್ ಕುರ್ಚಿಯ ತುದಿಗೆ ಕೂತಿದ್ದರು. ಧನರಾಜ್ ಮೈಕಿನಲ್ಲಿ "ನಾವು ಯುವಕರು ಸಮಾಜಕ್ಕೆ ಏನು ಕೊಟ್ಟೆವು ಎಂದು ಕೇಳಿಕೊಳ್ಳಬೇಕು" ಎಂದು ಆರಂಭಿಸಿ, ಮೂರು ಸಾವಿರ ಕೊಡಬೇಕೆಂಬಲ್ಲಿಗೆ ಬಂದು ಮುಗಿಸಿದರು.

ಮೊದಲು ಎದ್ದವಳು ಭಾಗವ್ವ. ವಿಜಯಪುರದ ಕಡೆಯವಳು, ಕಟ್ಟಡದ ಕೆಲಸಕ್ಕೆ ಹೋಗುತ್ತಾಳೆ. ಅವಳ ಮಗಳು ನಾಗರತ್ನಾಳಷ್ಟು ಚೆನ್ನಾಗಿ ಕೋಲಾಟ ಆಡುವವರು ಆ ಗುಂಪಿನಲ್ಲಿಲ್ಲ.

"ಅಲ್ರೀ, ನಮ್ಮ ಹುಡುಗಿ ಕುಣಿಯಾಕ ನಾವ ಮೂರು ಸಾವ್ರ ಕೊಡಬೇಕೇನ್ರಿ? ನಮ್ಮೂರಾಗ ಕುಣಿದ್ರ ರೊಕ್ಕ ಅವರ ಕೊಡ್ತಾರ!"

ಸಭೆ ನಕ್ಕಿತು. ಧನರಾಜರೂ ನಕ್ಕರು. "ತಾಯಿ, ಟೀ-ಶರ್ಟ್ ಬರ್ತದೆ, ಬ್ಯಾಗ್ ಬರ್ತದೆ..."

"ಬ್ಯಾಗ್ ಐತ್ರಿ ಮನ್ಯಾಗ. ಅದರಾಗ ಹಾಕಾಕ ಏನೂ ಇಲ್ಲ."

ಆ ನಗುವಿನ ಬಲದಲ್ಲಿ ಲಾವಣ್ಯಾ ಎದ್ದಳು. ಈ ವಿಭಾಗದಲ್ಲಿ ಇರುವ ಸದಸ್ಯರೆಲ್ಲ, ಹಳಬರಿರಲಿ ಹೊಸಬರಿರಲಿ, ಪ್ರತಿವರ್ಷ ಒಂದೇ ಅರ್ಜಿ ತುಂಬಬೇಕು, ಒಂದೇ ಶುಲ್ಕ ಕೊಡಬೇಕು, ಉಚಿತ ಎಂಬುದು ಯಾರಿಗೂ ಬೇಡ ಎಂದಳು. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಚಪ್ಪಾಳೆ ಬಿದ್ದದ್ದರಿಂದ ಇನ್ನೊಂದು ಮಾತು ಹೊರಬಂತು: "ಮಕ್ಕಳ ಹೆಸರಲ್ಲಿ ತಲೆ ನೆರೆತವರೆಲ್ಲ ತಿನ್ನುದಾದ್ರೆ ಶುಲ್ಕ ಏರದೆ ಎಂಥ ಆಗ್ತದೆ?"

ಅವಳು ಹೇಳಿದ್ದು ವೇದಿಕೆಗೆ. ಆದರೆ ವೇದಿಕೆಯ ಮೇಲೆ ಒಂದು ಕೂದಲೂ ನೆರೆತಿರಲಿಲ್ಲ. ಯುವ ವಿಭಾಗದ ಸದಸ್ಯರಲ್ಲಿ ತಲೆ ಬೆಳ್ಳಗಿದ್ದವರು ಒಬ್ಬರೇ. ಇಡೀ ಹಾಲು ಒಟ್ಟಿಗೆ ತಿರುಗಿ ಮಕ್ಕಳ ಸಾಲಿನ ತುದಿಯ ಪ್ಲಾಸ್ಟಿಕ್ ಕುರ್ಚಿಯನ್ನು ನೋಡಿತು. ಧನರಾಜರೂ, ಇಂಥವರಿಗೆ ಎಂದು ಬುದ್ಧಿ ಬರುವುದೋ ಎಂಬ ಬೇಸರದಿಂದ, ಅದೇ ಕಡೆ ನೋಡಿದರು.

ಕೊರಗಪ್ಪ ಎದ್ದು ನಿಂತರು. ಹೆಸರು ಕರೆದರೇನೋ ಎಂಬಂತೆ. ಯಾರೂ ಕರೆದಿಲ್ಲವೆಂದು ತಿಳಿದು ಮತ್ತೆ ಕೂತರು.

ಮತವಿದ್ದ ಆರೂ ಮಂದಿ ಕೈ ಎತ್ತಿ ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ಅರ್ಧ ಗಂಟೆಯ ಚಹಾ ವಿರಾಮದಲ್ಲಿ ಧನರಾಜ್ ಮತ್ತು ನಾಲ್ವರು ಯುವ ವಿಭಾಗಕ್ಕೆ ರಾಜೀನಾಮೆ ಕೊಟ್ಟರು. ವಿರಾಮ ಮುಗಿದ ಮೇಲೆ, ಅನುಭವಿಗಳ ಸೇವೆ ಮಕ್ಕಳಿಗೆ ತಪ್ಪಬಾರದೆಂದು, ಐದು ಜನರ ಮಾರ್ಗದರ್ಶಕ ಮಂಡಳಿಯೊಂದು ರಚನೆಯಾಯಿತು. ಮಂಡಳಿಗೆ ಶುಲ್ಕವಿಲ್ಲ, ಪಿಕ್ನಿಕ್ ಉಂಟು, ಟೀ-ಶರ್ಟಿಗೆ ಕಾಲರ್ ಉಂಟು. ಶುಲ್ಕವನ್ನು ಮೂರು ಸಾವಿರದಿಂದ ಎರಡು ಸಾವಿರದ ಎಂಟುನೂರೈವತ್ತಕ್ಕೆ ಇಳಿಸಲಾಯಿತು. ಹಿಂದಿನ ವರ್ಷಕ್ಕಿಂತ ನಾನೂರೈವತ್ತು ಜಾಸ್ತಿಯಾದ ಈ ಇಳಿಕೆಗೆ ಪೋಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೋರಾಟಗಾರ್ತಿ ಲಾವಣ್ಯಾಳಿಗೆ ಹೂಗುಚ್ಛ ಕೊಟ್ಟು, ಪೋಷಕರ ಪ್ರತಿನಿಧಿ ಎಂದು ಘೋಷಿಸಿ, ಅರ್ಜಿಗಳನ್ನು ಮನೆಯಲ್ಲಿ ಸ್ವೀಕರಿಸುವ ಕೆಲಸವನ್ನು ಒಪ್ಪಿಸಲಾಯಿತು. ಕೊನೆಯ ದಿನ ತಿಂಗಳ ಮೂವತ್ತು. ಹೂಗುಚ್ಛದ ಖರ್ಚನ್ನು ಮಕ್ಕಳ ವಿಭಾಗದ ಖಾತೆಗೆ ಹಾಕಿದ್ದು ಅವಳಿಗೆ ಮರುದಿನ ಗೊತ್ತಾಯಿತು.

ಆರನೆಯ ಯುವಕನನ್ನು ಮಂಡಳಿಗೆ ಯಾರೂ ಕರೆಯಲಿಲ್ಲ. ಐದೇ ಟೀ-ಶರ್ಟಿಗೆ ಆರ್ಡರ್ ಹೋಗಿತ್ತು.

ಮುಂದಿನ ಭಾನುವಾರ ಸಂತು ಹೊಸ ಹಾಜರಿ ಪುಸ್ತಕ ತೆರೆದ. ಅರ್ಜಿ ಕೊಟ್ಟವರ ಹೆಸರು ಮಾತ್ರ ಅದರಲ್ಲಿತ್ತು. ಕೊನೆಯಿಂದ ಮೂರನೆಯ ಜಾಗ ಖಾಲಿ. ಕೊರಗಪ್ಪ ಗೇಟಿನ ಹೊರಗೆ ನಿಂತಿದ್ದರು, ಅದೇ ಗುಲಾಬಿ ಬಣ್ಣದ ಕೆಂಪು ಟೀ-ಶರ್ಟಿನಲ್ಲಿ.

ಲಾವಣ್ಯಾ ಹತ್ತಿರ ಹೋದಳು. "ಒಳಗೆ ಬನ್ನಿ ಕೊರಗಪ್ಪಣ್ಣ. ಯಾರು ಬೇಡ ಹೇಳ್ತಾರೆ?"

"ಯಾರೂ ಹೇಳ್ಲಿಲ್ಲ. ಪುಸ್ತಕದಲ್ಲಿ ಹೆಸರಿಲ್ಲ ಅಲ್ವಾ ಅಕ್ಕ. ಹೆಸರಿಲ್ಲದೆ ಸಾಲಲ್ಲಿ ನಿಂತ್ರೆ ಅದು ಫುಕಟ್ ಆಗ್ತದೆ."

ಅವಳು ತಲೆ ತಗ್ಗಿಸಿದಳು. ತಗ್ಗಿಸಿದ ಕಣ್ಣಿಗೆ ಅವರ ಟೀ-ಶರ್ಟಿನ ಮೇಲೆ ಮಸುಕಾಗಿ ಉಳಿದಿದ್ದ ಇಸವಿ ಕಂಡಿತು: ಎರಡು ಸಾವಿರದ ಒಂಬತ್ತು. ಆಮೇಲೆ ಹದಿನಾರು ವರ್ಷದ ಹದಿನಾರು ಟೀ-ಶರ್ಟುಗಳನ್ನು ಇವರು ತೆಗೆದುಕೊಂಡೇ ಇರಲಿಲ್ಲ. ಸಂತುವನ್ನು ಕೇಳಿದಳು. ಪಿಕ್ನಿಕ್ಕಿಗೂ ಬಂದವರಲ್ಲ, ಇಡೀ ದಿನದ ರಜೆ ಅವರ ಒಪ್ಪಂದದಲ್ಲಿ ಇಲ್ಲ ಎಂದ ಸಂತು. "ಬಾಳೆಹಣ್ಣು ಒಂದು ತಗೊಳ್ತಾರೆ ಅಕ್ಕ, ಅಷ್ಟೇ. ಆ ಹಣ್ಣಿನ ಗೊನೆಯೂ ಆಗಾಗ ಅವರೇ ಹೋಟೆಲಿಂದ ಅರ್ಧ ರೇಟಿಗೆ ಕೊಡಿಸುದು."

ಮನೆಗೆ ಬರುವಾಗ ಯಕ್ಷಿತಾ ಕೇಳಿದಳು: "ಅಮ್ಮಾ, ಕೊರಗಪ್ಪ ಅಜ್ಜನಿಗೆ ಪನಿಶ್‌ಮೆಂಟ್ ಯಾಕೆ? ಏನು ಮಸ್ತಿ ಮಾಡಿದ್ರು?"

ಈ ಸಲ ಮಗಳು ಬಹುವಚನವನ್ನು ತಾನಾಗಿಯೇ ಸರಿಯಾಗಿ ಬಳಸಿದ್ದಳು. ತಿದ್ದಲಿಕ್ಕೆ ಲಾವಣ್ಯಾಳಿಗೆ ಏನೂ ಸಿಗಲಿಲ್ಲ.

ಅವಳು ಧನರಾಜರಿಗೆ ಫೋನ್ ಮಾಡಿದಳು. ಮಂಡಳಿಯಲ್ಲಿ ಆರನೆಯವರಾಗಿ ಕೊರಗಪ್ಪನವರನ್ನೂ ಸೇರಿಸಿಕೊಳ್ಳಿ ಎಂದಳು. "ನೋಡುವ, ಮುಂದಿನ ಸಭೆಯಲ್ಲಿ ಇಡುವ. ಆದ್ರೆ ಒಂದು ಮಾತು ಲಾವಣ್ಯಾ, ಆ ನಿರ್ಣಯ ನಿಮ್ಮದೇ ಅಲ್ವಾ?" ಎಂದರು ಅವರು ಬಹಳ ಮೃದುವಾಗಿ. ಆದರೂ ಬಿಡದೆ ಹೋಟೆಲಿಗೆ ಹೋಗಿ ಕೊರಗಪ್ಪನವರಿಗೇ ಹೇಳಿದಳು. ಅವರು ಚಹಾವನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಸುರಿಯುತ್ತಿದ್ದರು. ನಿಲ್ಲಿಸಲಿಲ್ಲ.

"ಬೇಡ ಅಕ್ಕ. ಅಲ್ಲಿ ಕುರ್ಚಿ ಕೊಡ್ತಾರೆ. ಕುಣೀಲಿಕ್ಕೆ ಬಿಡುದಿಲ್ಲ."

"ಹಾಗಾದ್ರೆ ನಿಮ್ಮ ಶುಲ್ಕ ನಾನು..."

"ಛೆ ಛೆ! ನೀವು ಯಾಕೆ ಕೊಡುದು? ನೀವು ಹೇಳಿದ್ದು ಸರಿಯೇ ಉಂಟು. ಮಕ್ಕಳು ಕೊಡುವಾಗ ನಾನು ಕೊಡ್ಬೇಡ್ವಾ? ನಾನೂ ಮೆಂಬರೇ." ಗ್ಲಾಸನ್ನು ಅವಳ ಮುಂದೆ ಇಟ್ಟರು. "ಚಾ ಕುಡೀರಿ. ಇದು ಫುಕಟ್ ಅಲ್ಲ, ನನ್ನ ಲೆಕ್ಕದ್ದು."

ಇಪ್ಪತ್ತೊಂಬತ್ತರವರೆಗೆ ಮೂವತ್ತಾರು ಅರ್ಜಿಗಳು ಬಂದವು. ನಾಗರತ್ನಾಳದು ಬರಲಿಲ್ಲ. ಲಾವಣ್ಯಾ ಭಾಗವ್ವನ ಜೋಪಡಿಗೆ ಹೋಗಿ, ಕಂತಿನಲ್ಲಿ ಕೊಟ್ಟರೆ ಸಾಕು, ಮೊದಲ ಕಂತು ತಾನು ತುಂಬುತ್ತೇನೆ, ಬದಲಿಗೆ ಬ್ಲೌಸಿಗೆ ಹುಕ್ ಹಾಕಿಕೊಡು ಎಂದು ಒಪ್ಪಿಸಿ ಅರ್ಜಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದಳು. ಪೋಷಕರ ಸಹಿ ಅಥವಾ ಹೆಬ್ಬೆಟ್ಟಿನ ಗುರುತಿಲ್ಲದ ಅರ್ಜಿ ಸ್ವೀಕರಿಸುವಂತಿಲ್ಲ. ಕೆಳಗೆ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಇಬ್ಬರು ಮಕ್ಕಳ ಅರ್ಜಿಯನ್ನು ಅವಳೇ ಆ ಕಾರಣಕ್ಕೆ ವಾಪಸು ಕಳಿಸಿದ್ದಳು.

ಮೂವತ್ತರ ಮಧ್ಯಾಹ್ನ, ಊಟದ ಗದ್ದಲ ಮುಗಿದು ಹೋಟೆಲು ಉಸಿರುಬಿಡುವ ಹೊತ್ತಿಗೆ, ಕೊರಗಪ್ಪ ಬಂದರು. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದರು. ಚಪ್ಪಲಿಯನ್ನು ಹೊರಗೆ ಒಂದರ ಪಕ್ಕ ಒಂದು ನೇರ ಇಟ್ಟರು. ಯಕ್ಷಿತಾ ಹೋಂವರ್ಕ್ ಬಿಟ್ಟು ಎದ್ದು, "ಕೊರಗಪ್ಪ!" ಎಂದು ಸಂತು ಸರ್ ಧ್ವನಿಯಲ್ಲಿ ಕೂಗಿದಳು.

"ಹಾಜರ್ ಸರ್!" ಎಂದರು ಅವರು, ಬಾಗಿಲಲ್ಲೇ ನೆಟ್ಟಗೆ ನಿಂತು.

ಕುಳಿತ ಮೇಲೆ ಅಂಗಿಯ ಜೇಬಿನಿಂದ ಹಣದ ಲಕೋಟೆ ತೆಗೆದು ಮೇಜಿನ ಮೇಲೆ ಇಟ್ಟರು. ಆಮೇಲೆ ನಾಲ್ಕು ಮಡಿಕೆಯ ಅರ್ಜಿ ಬಿಡಿಸಿದರು. ರಾತ್ರಿ ಶಾಲೆಯಲ್ಲಿ ಕಲಿತ ದುಂಡು ಅಕ್ಷರ. ಹೆಸರು ತುಂಬಿದ್ದರು. ಹುಟ್ಟಿದ ತಾರೀಕು ಸರಿಯಾಗಿಯೇ ತುಂಬಿದ್ದರು. ಶಾಲೆ ಮತ್ತು ತರಗತಿ ಎಂಬಲ್ಲಿ ಹೋಟೆಲಿನ ವಿಳಾಸ ಬರೆದು ಪಕ್ಕದಲ್ಲಿ 'ಟೀ' ಎಂದಿದ್ದರು. ಟೀ-ಶರ್ಟಿನ ಅಳತೆ ಎಂಬಲ್ಲಿ 'ಬೇಡ, ಉಂಟು' ಎಂದು ಬರೆದಿದ್ದರು. ಕೊನೆಯ ಎರಡು ಗೆರೆ ಮಾತ್ರ ಖಾಲಿ.

"ಎಲ್ಲ ಆಯ್ತಲ್ಲ," ಎಂದಳು ಲಾವಣ್ಯಾ, ರಸೀದಿ ಪುಸ್ತಕಕ್ಕೆ ಕೈ ಹಾಕುತ್ತಾ.

"ಒಂದು ಬಾಕಿ ಉಂಟು ಅಕ್ಕ." ಅವರು ಬೆರಳಿಟ್ಟು ತೋರಿಸಿದರು. "ರಾತ್ರಿ ಶಾಲೆಗೆ ಸೇರುವಾಗ ಹೋಟೆಲಿನ ಕ್ಯಾಶ್ ಗಲ್ಲಾದಲ್ಲಿ ಕೂತಿದ್ದವರು ಹಾಕಿಕೊಟ್ಟಿದ್ರು. ಅವರು ತೀರಿಕೊಂಡ್ರು. ಈಗಿನ ಧಣಿಯನ್ನು ಕೇಳುವ ಅಂತ ಇದ್ದೆ, ಅವನಿಗೆ ಮೂವತ್ತೆರಡು. ಅವ ಹುಟ್ಟಿದಾಗ ನಾಮಕರಣಕ್ಕೆ ಚಾ ಮಾಡಿದ್ದೇ ನಾನು. ಅವನ ಹತ್ರ ಹೇಗೆ ಕೇಳುದು?" ಪೆನ್ನನ್ನು ಅಂಗಿಗೆ ಒರೆಸಿ ಅವಳ ಕಡೆಗೆ ಚಾಚಿದರು. "ನೀವು ಪೋಷಕರ ಪ್ರತಿನಿಧಿ ಅಲ್ವಾ? ಇಲ್ಲಿ ಪೋಷಕರ ಸಹಿ ಅಂತ ಉಂಟು, ಅದೊಂದು ಹಾಕಿಕೊಡ್ತೀರಾ? ಅದರ ಕೆಳಗೆ ಸಂಬಂಧ ಅಂತ ಇನ್ನೊಂದು ಗೆರೆ ಉಂಟು. ಅಲ್ಲಿ ನಿಮಗೆ ಸರಿ ಕಂಡದ್ದು ಬರೀರಿ."